ಓಟ್ಸ್ ಉಪ್ಪಿಟ್ಟಿಗೆ ಎಷ್ಟು ನೀರು ಇಡಬೇಕು?

ಪ್ರಶ್ನೆ: ರವೆಯ ಬದಲು ಓಟ್ಸ್ ಹಾಕಿ ಉಪ್ಪಿಟ್ಟು ಮಾಡಿದರೆ ಪ್ರತಿ ಸಲವೂ ಅಂಟಂಟಾಗಿ ಗಂಜಿಯಂತಾಗುತ್ತದೆ. ಉದುರುದುರಾಗಿ ಬರಬೇಕಾದರೆ ಎಷ್ಟು ನೀರು ಇಡಬೇಕು?

ಉತ್ತರ: ನೀರನ್ನು ಒಲೆಯ ಮೇಲೆ ಇಡಲೇಬೇಡಿ. ಈ ಪ್ರಶ್ನೆಗೆ ಎಷ್ಟೋ ಸಲ ಇದೇ ಉತ್ತರ ಕೊಟ್ಟಿದ್ದೇನೆ. ಆದರೂ ಕೇಳಿದವರೇ ತಿರುಗಿ ಬರೆಯುತ್ತಾರೆ: "ಒಂದು ಲೋಟಕ್ಕೆ ಎರಡು ಲೋಟವಾದರೂ ಬೇಡವೇ? ಓಟ್ಸ್ ಬೇಯಬೇಕಲ್ಲ!"

ಎಲ್ಲ ತೊಂದರೆಯೂ ಈ 'ಬೇಯಬೇಕಲ್ಲ' ಎಂಬಲ್ಲಿಂದಲೇ ಶುರುವಾಗುತ್ತದೆ. ನೀರಿನಲ್ಲಿ ಕುದಿಸದಿದ್ದರೆ ಓಟ್ಸ್ ಹಸಿಯಾಗಿ ಉಳಿದು ಹೊಟ್ಟೆ ಕೆಡಿಸುತ್ತದೆ ಎಂಬ ನಂಬಿಕೆ ನಮ್ಮ ಅಡುಗೆಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಅಂಗಡಿಯಲ್ಲಿ ಸಿಗುವ ಚಪ್ಪಟೆ ಓಟ್ಸ್ ಹಸಿ ಧಾನ್ಯವಲ್ಲ. ಓಟ್ಸ್ ಕಾಳಿನಲ್ಲಿ ಗೋಧಿ, ಅಕ್ಕಿಗಳಿಗಿಂತ ಕೊಬ್ಬು ಹೆಚ್ಚು. ಆ ಕೊಬ್ಬನ್ನು ಒಡೆಯುವ ಕಿಣ್ವವೂ ಕಾಳಿನಲ್ಲೇ ಇರುತ್ತದೆ. ಹಾಗೆಯೇ ಬಿಟ್ಟರೆ ಸ್ವಲ್ಪ ದಿನದಲ್ಲೇ ಕಮಟು ವಾಸನೆ ಬಂದು ಕಹಿಯಾಗುತ್ತದೆ. ಆದ್ದರಿಂದ ಕಾರ್ಖಾನೆಯಲ್ಲಿ ಮೊದಲು ಕಾಳಿಗೆ ಹಬೆ ಕೊಟ್ಟು ಆ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತಾರೆ, ಹಬೆಯಲ್ಲಿ ಮೆತ್ತಗಾದ ಕಾಳನ್ನು ರೋಲರುಗಳ ನಡುವೆ ಹಾಯಿಸಿ ಚಪ್ಪಟೆ ಮಾಡುತ್ತಾರೆ. ನಿಮ್ಮ ಡಬ್ಬಿ ಸೇರುವ ಹೊತ್ತಿಗೆ ಅದು ಬಹುಪಾಲು ಬೆಂದೇ ಇರುತ್ತದೆ.

ಈ ಕೆಲಸವನ್ನು ನಮ್ಮವರು ಬತ್ತದ ಮೇಲೆ ಎಂದಿನಿಂದಲೋ ಮಾಡುತ್ತಿದ್ದಾರೆ. ಬತ್ತ ನೆನೆಸಿ, ಹುರಿದು, ಕುಟ್ಟಿದರೆ ಅವಲಕ್ಕಿ. ಮೊಸರವಲಕ್ಕಿಗೆ ಯಾರಾದರೂ ಅವಲಕ್ಕಿಯನ್ನು ಕುದಿಸುತ್ತಾರೆಯೇ? ಒಗ್ಗರಣೆ ಅವಲಕ್ಕಿಗೆ ಲೋಟಗಟ್ಟಲೆ ನೀರು ಸುರಿಯುತ್ತಾರೆಯೇ? ಓಟ್ಸ್ ಅವಲಕ್ಕಿಯ ಬಳಗಕ್ಕೆ ಸೇರಿದ್ದು. ರವೆಯ ಕತೆಯೇ ಬೇರೆ: ಅದು ಒಡೆದ ಹಸಿ ಗೋಧಿ, ಎಷ್ಟು ಹುರಿದರೂ ಅದರ ಪಿಷ್ಟ ಬೇಯಲು ಕುದಿಯುವ ನೀರು ಬೇಕೇ ಬೇಕು. ಆ ಲೆಕ್ಕವನ್ನು ತಂದು ಓಟ್ಸ್ ಮೇಲೆ ಹೇರಿದರೆ ಗಂಜಿಯಲ್ಲದೆ ಇನ್ನೇನೂ ಆಗುವುದಿಲ್ಲ.

ಅಂಟು ಬರುವುದು ಬೀಟಾ ಗ್ಲೂಕಾನ್ ಎಂಬ, ನೀರಿನಲ್ಲಿ ಕರಗುವ ನಾರಿನಿಂದ. ಬಿಸಿ ನೀರು ಹೆಚ್ಚಿದಷ್ಟೂ, ಸೌಟು ಆಡಿಸಿದಷ್ಟೂ ಅದು ಹೊರಬಂದು ಲೋಳೆಯಾಗುತ್ತದೆ. ಕೆಲವರು ಓಟ್ಸನ್ನು ಜರಡಿಯಲ್ಲಿ ಹಾಕಿ ತಿಕ್ಕಿ ತೊಳೆಯುತ್ತಾರೆ. ದಯವಿಟ್ಟು ಬೇಡ. ಕೊಲೆಸ್ಟರಾಲ್ ತಗ್ಗಿಸಲು ನೆರವಾಗುತ್ತದೆ ಎಂದು ಹೆಸರಾದದ್ದು ಇದೇ ನಾರು. ದಿನಕ್ಕೆ 3 ಗ್ರಾಂ ಎಂಬ ಲೆಕ್ಕದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಓಟ್ಸ್ ಪೊಟ್ಟಣಗಳ ಮೇಲೆ 'ಹೃದ್ರೋಗದ ಅಪಾಯ ತಗ್ಗಿಸಬಹುದು' ಎಂಬ ಮಾತು ಬರೆಯಲು ಒಪ್ಪಿತು. ಆರೋಗ್ಯಕ್ಕೆಂದು ಓಟ್ಸ್ ತಂದು ಅದನ್ನೇ ಮೋರಿಗೆ ಬಿಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನು ಮಾಡುವ ಬಗೆ. ದಪ್ಪ ಎಸಳಿನ ಓಟ್ಸ್ ತನ್ನಿ. ಎರಡು ನಿಮಿಷದ್ದೆಂದು ಮಾರುವ ತೆಳು ಓಟ್ಸ್ ಪುಡಿಯಾಗುತ್ತದೆ, ಅದು ದೋಸೆ ಹಿಟ್ಟಿಗೆ ಇರಲಿ. ಚಪ್ಪಟೆ ಮಾಡದೆ ಬರೀ ತುಂಡರಿಸಿದ ಓಟ್ಸಿಗೆ ಮಾತ್ರ ನೀರೂ ಬೇಕು, ಅರ್ಧ ಗಂಟೆಯ ಬೇಯುವಿಕೆಯೂ ಬೇಕು. ಇಲ್ಲಿನ ಮಾತು ಅದಕ್ಕೆ ಹೊಂದುವುದಿಲ್ಲ. ಒಂದು ಲೋಟ ಓಟ್ಸನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ತಟ್ಟೆಗೆ ಹರಡಿ. ಅರ್ಧ ಲೋಟ ತಣ್ಣೀರಿಗೆ ಉಪ್ಪು ಕರಗಿಸಿ, ಕೈಯಿಂದ ಚಿಮುಕಿಸುತ್ತಾ ಮೆಲ್ಲಗೆ ಕಲಸಿ ಐದು ನಿಮಿಷ ಬಿಡಿ. ಒಗ್ಗರಣೆ ನಿಮಗೆ ಗೊತ್ತಿರುವುದೇ. ಈರುಳ್ಳಿ ಬಾಡಿ, ಬೀನ್ಸ್, ಕ್ಯಾರೆಟ್ ಪೂರ್ತಿ ಬೆಂದ ಮೇಲೆಯೇ ಓಟ್ಸ್ ಹಾಕಬೇಕು, ಏಕೆಂದರೆ ಆಮೇಲೆ ತರಕಾರಿ ಬೇಯಲು ನೀರೂ ಇಲ್ಲ, ಸಮಯವೂ ಇಲ್ಲ. ಅಡಿಯಿಂದ ಒಂದೆರಡು ಸಲ ತಿರುವಿ, ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ನಿಮಿಷ. ಕಾಯಿತುರಿ, ನಿಂಬೆರಸ ಒಲೆ ಆರಿಸಿದ ಮೇಲೆ.

ಯಾರೂ ಕೇಳಿಲ್ಲವಾದರೂ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಓಟ್ಸನ್ನು ಹಾಲಿನಲ್ಲಿ ಪಾಯಸದಂತೆ ಮಾಡುವವರು ಹಾಲು ಒಡೆದರೆ ಓಟ್ಸನ್ನು ದೂರುತ್ತಾರೆ. ಒಡೆಯುವುದು ಬೆಲ್ಲದಿಂದ. ಬೆಲ್ಲದಲ್ಲಿ ತುಸು ಹುಳಿ ಗುಣವಿದೆ, ಕುದಿಯುವ ಹಾಲು ಅದನ್ನು ತಾಳುವುದಿಲ್ಲ. ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಕಸ ಸೋಸಿ, ಆರಲು ಬಿಡಿ. ಹಾಲಿನಲ್ಲಿ ಬೆಂದ ಓಟ್ಸನ್ನು ಒಲೆಯಿಂದ ಇಳಿಸಿ, ಬಿಸಿ ತಗ್ಗಿದ ಮೇಲೆ ಬೆರೆಸಿ. ಬೆರೆಸಿದ ನಂತರ ಮತ್ತೆ ಕುದಿಸಬಾರದು. ಬೆಚ್ಚಗೇ ಬೇಕೆಂದರೆ ಬಿಸಿ ನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ.