ಗಿರಾಕಿ ರೇಗಿದಾಗ ಸಪ್ಲೈಯರ್ ಬೆನ್ನಿಗೆ ಯಾರಿದ್ದಾರೆ?

ಹೋಟೆಲಿನಲ್ಲಿ ಗಿರಾಕಿಗೂ ಸಪ್ಲೈಯರಿಗೂ ಮಾತಿಗೆ ಮಾತು ಬೆಳೆದರೆ ಒಂದು ಸಲ ಗಲ್ಲಾ ಕಡೆ ನೋಡಿ. ಜಗಳ ಎಲ್ಲಿಗೆ ಮುಟ್ಟುತ್ತದೆ ಅನ್ನುವುದು ಅಲ್ಲಿ ಕೂತವರ ಕೈಯಲ್ಲಿರುತ್ತದೆ. ಬಹಳ ಸಲ ಅವರು ವಿಷಯ ಏನು ಅಂತ ಕೇಳುವುದೇ ಇಲ್ಲ. "ಏಯ್, ಸಾರ್‌ಗೆ ಬೇರೆ ತಂದ್ಕೊಡೋ" ಅಂತ ಸಪ್ಲೈಯರ್ ಮೇಲೆಯೇ ಕೂಗುತ್ತಾರೆ. ತಪ್ಪು ಅಡುಗೆಮನೆಯದೋ ಗಿರಾಕಿಯದೋ, ಬೈಸಿಕೊಳ್ಳುವವನು ಮಾತ್ರ ತಟ್ಟೆ ಹಿಡಿದು ನಿಂತವನು.

ಗಿರಾಕಿಗಳ ಒರಟುತನದ ಮಾತು ಬಂದರೆ ನಾವು ಅದನ್ನು ಸಂಸ್ಕಾರದ ವಿಷಯ ಮಾಡಿ ಮುಗಿಸುತ್ತೇವೆ. ಕೆಲವರಿಗೆ ಮರ್ಯಾದೆ ಗೊತ್ತಿಲ್ಲ, ಅಷ್ಟೇ ಅಂತ. ಆದರೆ ಮರ್ಯಾದೆ ಗೊತ್ತಿಲ್ಲದ ಗಿರಾಕಿ ಎಲ್ಲ ಕಾಲದಲ್ಲೂ ಇದ್ದ. ಬದಲಾಗಿರುವುದು ಅವನ ಎದುರು ನಿಂತ ಮನುಷ್ಯನ ಸ್ಥಿತಿ. ಎಷ್ಟು ನುಂಗಿಕೊಳ್ಳಬೇಕು, ಎಲ್ಲಿ "ಸಾಕು ಸಾರ್" ಅನ್ನಬಹುದು ಅನ್ನುವುದು ಸಪ್ಲೈಯರ್‌ನ ತಾಳ್ಮೆಗಿಂತ ಅವನ ಬೆನ್ನಿಗೆ ಯಾರು ನಿಂತಿದ್ದಾರೆ ಅನ್ನುವುದರ ಮೇಲೆ ಜಾಸ್ತಿ ನಿಂತಿದೆ. ಕರ್ನಾಟಕದ ಹೋಟೆಲುಗಳ ನೂರು ವರ್ಷದ ಕತೆ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ.

ಕತೆ ಶುರುವಾಗುವುದು ಕರಾವಳಿಯಲ್ಲಿ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಉಡುಪಿ, ಕೋಟ, ಕುಂದಾಪುರ ಕಡೆಯ ಹುಡುಗರು ಹೊಟ್ಟೆಪಾಡಿಗೆ ಮದ್ರಾಸ್, ಮುಂಬೈ, ಬೆಂಗಳೂರು ಬಸ್ಸೋ ರೈಲೋ ಹತ್ತಿದರು. ಊರಿನವರೊಬ್ಬರು ಪೇಟೆಯಲ್ಲಿ ಹೋಟೆಲ್ ಇಟ್ಟರೆ ಅವರ ಅಕ್ಕನ ಮಗ, ಪಕ್ಕದ ಮನೆ ಮಾಣಿ, ದೇವಸ್ಥಾನದ ಭಟ್ಟರ ಮೈದುನ ಎಲ್ಲ ಅಲ್ಲಿಗೇ. ಮೊದಲು ಪಾತ್ರೆ ತೊಳೆಯುವುದು, ಹಿಟ್ಟು ರುಬ್ಬುವುದು. ಆಮೇಲೆ ಟೇಬಲ್. ಪುಣ್ಯ ಇದ್ದರೆ ಗಲ್ಲಾ. ಇನ್ನೂ ಪುಣ್ಯ ಇದ್ದರೆ ಸ್ವಂತ ಹೋಟೆಲ್. ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು ಹೋಟೆಲ್ ಅಡುಗೆಮನೆಯ ಚಿಲ್ಲರೆ ಕೆಲಸದಿಂದಲೇ ಮೇಲೆ ಬಂದವರು. 1924ರಲ್ಲಿ ಬೆಂಗಳೂರಿನಲ್ಲಿ, ಮುಂದೆ ಎಂಟಿಆರ್ ಆದ ಹೋಟೆಲನ್ನು ಶುರು ಮಾಡಿದ ಮಯ್ಯ ಸಹೋದರರೂ ಊರಿಂದ ಬಂದದ್ದು ಅಡುಗೆ ಕೆಲಸಕ್ಕೆ. ಇಂಥ ಉದಾಹರಣೆ ಕಣ್ಣೆದುರು ಇದ್ದದ್ದರಿಂದ ಹುಡುಗರು ಬೈಗುಳ ತಿಂದೂ ಉಳಿದರು. ನಾನೂ ಒಂದು ದಿನ ಹೋಟೆಲ್ ಇಡುತ್ತೇನೆ ಅನ್ನುವ ನಂಬಿಕೆ ಇತ್ತು.

ಆ ಕಾಲದ ಏರ್ಪಾಡಿಗೆ ಎರಡು ಮುಖ. ಮಲಗುವುದು ಅದೇ ಹೋಟೆಲಿನಲ್ಲಿ, ಬಾಗಿಲು ಹಾಕಿದ ಮೇಲೆ, ಬೆಂಚು ಜೋಡಿಸಿಕೊಂಡು. ಊಟ ಅಲ್ಲೇ. ಸಂಬಳ ಧಣಿಯ ಹತ್ತಿರವೇ ಜಮೆ, ಊರಿಗೆ ಹೋಗುವಾಗ ಲೆಕ್ಕ. ಬೆಳಗಿನ ಜಾವ ಎದ್ದರೆ ರಾತ್ರಿ ಮಲಗುವವರೆಗೆ ಕೆಲಸವೇ. ಧಣಿ ಹೊಡೆದರೆ ಕೇಳುವವರಿಲ್ಲ. ಆದರೆ ಹೊರಗಿನ ಗಿರಾಕಿ ಕೈ ಎತ್ತಿದರೆ ಧಣಿಯೇ ಎದ್ದು ಬರುತ್ತಿದ್ದ. ನಾಳೆ ಊರಿಗೆ ಹೋದಾಗ ಹುಡುಗನ ಅಪ್ಪನ ಮುಖ ನೋಡಬೇಕಲ್ವಾ? ಕಾಪಾಡುತ್ತಿದ್ದದ್ದೂ ಕಟ್ಟಿಹಾಕುತ್ತಿದ್ದದ್ದೂ ಅದೇ ಸಂಬಂಧ.

ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಅನ್ನುವುದನ್ನೂ ಹೇಳಲೇಬೇಕು. 'ಬ್ರಾಹ್ಮಣರ' ಅಂತ ಬೋರ್ಡ್ ಹಾಕಿದ ಕಾಫಿ ಕ್ಲಬ್ಬುಗಳಲ್ಲಿ ಯಾರು ಒಳಗೆ ಕೂರಬಹುದು, ಯಾರು ಬಡಿಸಬಹುದು ಅನ್ನುವುದನ್ನು ಜಾತಿ ತೀರ್ಮಾನಿಸುತ್ತಿತ್ತು. 1950ರಲ್ಲಿ ಸಂವಿಧಾನದ 15ನೇ ವಿಧಿ ಹೋಟೆಲ್ ಬಾಗಿಲನ್ನು ಗಿರಾಕಿಗಳಿಗೆ ತೆರೆಯಿತು. ತಿನ್ನುವ ಕಡೆ ಅದು ಬೇಗ ಜಾರಿಯಾಯಿತು. ಅಡುಗೆ ಮಾಡುವ, ಬಡಿಸುವ ಕಡೆ ತುಂಬಾ ತಡವಾಯಿತು.

ಕೆಲಸದ ಹುಡುಗರು ತಮ್ಮ ಕಾಲ ಮೇಲೆ ನಿಲ್ಲಲು ನೋಡಿದ ದಾರಿಗಳೂ ಇವೆ. ಮುಂಬೈಯ ಕನ್ನಡ ರಾತ್ರಿ ಶಾಲೆಗಳನ್ನು ನೆನೆಯದೆ ಈ ಚರಿತ್ರೆ ಬರೆಯಲಾಗದು. ಹಗಲೆಲ್ಲ ಕಪ್ಪು ತೊಳೆದು, ರಾತ್ರಿ ಪಾಟಿ ಹಿಡಿದು ಕೂತ ಹುಡುಗರಲ್ಲಿ ಎಷ್ಟೋ ಮಂದಿ ಮುಂದೆ ಗುಮಾಸ್ತರು, ವಕೀಲರು, ಹೋಟೆಲ್ ಮಾಲೀಕರು ಆದರು. ಇನ್ನೊಂದು ದಾರಿ ಸಂಘಟನೆ. 1949ರಲ್ಲಿ ಮಂಗಳೂರಿನಲ್ಲಿ ಹತ್ತೊಂಬತ್ತರ ಹರೆಯದ ಜಾರ್ಜ್ ಫರ್ನಾಂಡಿಸ್ ಕಾರ್ಮಿಕ ಚಳವಳಿಗೆ ಇಳಿದಾಗ ಅವರು ಮೊದಲು ಒಟ್ಟುಗೂಡಿಸಿದವರಲ್ಲಿ ಹೋಟೆಲ್ ಕೆಲಸಗಾರರಿದ್ದರು. ಮುಂದೆ ಮುಷ್ಕರ ಹೂಡಿ ದೇಶದ ರೈಲನ್ನೇ ನಿಲ್ಲಿಸಿದ ನಾಯಕ ಪಾಠ ಕಲಿತದ್ದು ಕಾಫಿ ಲೋಟ ಎತ್ತುವವರ ನಡುವೆ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಅಧ್ಯಾಯ ಕಾಫಿ ಹೌಸಿನದು. 1930ರ ದಶಕದಲ್ಲಿ ಕಾಫಿ ಮಾರಾಟ ಹೆಚ್ಚಿಸಲು ಶುರುವಾದ ಇಂಡಿಯಾ ಕಾಫಿ ಹೌಸುಗಳನ್ನು ಆಮೇಲೆ ಸರ್ಕಾರದ ಕಾಫಿ ಬೋರ್ಡ್ ನಡೆಸುತ್ತಿತ್ತು. 1950ರ ದಶಕದ ನಡುವಿಗೆ ಬೋರ್ಡ್ ಅವುಗಳನ್ನು ಮುಚ್ಚಲು ಹೊರಟಿತು. ಸಪ್ಲೈಯರ್‌ಗಳು ಬೀದಿಗೆ ಬಿದ್ದರು. ಆಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಮುಂದೆ ನಿಂತು, ನೀವೇ ನಡೆಸಿ ಅಂದರು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲೇ ಮೊದಲ ಕಾಫಿ ಕೆಲಸಗಾರರ ಸಹಕಾರ ಸಂಘ ಹುಟ್ಟಿತು. ಅದೇ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಕೆಲಸಗಾರರೇ ನಡೆಸುವ ಕಾಫಿ ಹೌಸ್ ಬಾಗಿಲು ತೆರೆಯಿತು.

ಬೆಂಗಳೂರಿನ ಎಂ.ಜಿ. ರಸ್ತೆಯ ಕಾಫಿ ಹೌಸಿಗೆ ಹೋದವರಿಗೆ ಆ ಸಪ್ಲೈಯರ್‌ಗಳ ನೆನಪಿರುತ್ತದೆ. 2009ರಲ್ಲಿ ಅದು ಚರ್ಚ್ ಸ್ಟ್ರೀಟಿಗೆ ಹೋಯಿತು. ಬಿಳಿ ಸಮವಸ್ತ್ರ, ಸೊಂಟಕ್ಕೆ ಅಗಲದ ಪಟ್ಟಿ, ತಲೆಗೆ ಗರಿಗರಿ ಪೇಟ. ಅವರ ನಡಿಗೆಯಲ್ಲಿ ಅವಸರ ಇರಲಿಲ್ಲ. ಒಂದು ಕಾಫಿ ಹಿಡಿದು ಗಂಟೆಗಟ್ಟಲೆ ಕೂತವನನ್ನು ಎಬ್ಬಿಸುತ್ತಿರಲಿಲ್ಲ. ಚಿಟಿಕೆ ಹೊಡೆದು ಕರೆದವನ ಕಡೆ ತಿರುಗುತ್ತಲೂ ಇರಲಿಲ್ಲ. ಕೆಲವರು ಅದನ್ನು ಸೋಮಾರಿತನ ಅಂದರು. ನನಗೆ ಅದು ತನ್ನದೇ ಜಾಗದಲ್ಲಿ ನಿಂತವನ ನಿರಾಳತೆ ಅನಿಸುತ್ತಿತ್ತು. ಗಲ್ಲಾದಲ್ಲಿ ಕೂತವನೂ ಅದೇ ಸಂಘದ ಸದಸ್ಯ. ಗಿರಾಕಿಯ ಮುಂದೆ ಯಾರನ್ನೂ ಬಲಿ ಕೊಡಬೇಕಾಗಿರಲಿಲ್ಲ.

ಕಾನೂನೂ ಆ ಹೊತ್ತಿಗೆ ಬಂತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಹೋಟೆಲುಗಳಿಗೂ ಅನ್ವಯ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಐದು ಗಂಟೆ ದುಡಿದರೆ ಒಂದು ಗಂಟೆ ಬಿಡುವು. ವಾರಕ್ಕೊಂದು ರಜೆ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಹೋಟೆಲಿನ ದಿನವೇ ಬೇರೆ ಥರದ್ದು. ಬೆಳಿಗ್ಗೆ ಆರಕ್ಕೆ ತಿಂಡಿ ಶುರು, ಹನ್ನೊಂದಕ್ಕೆ ತಣ್ಣಗೆ. ಹನ್ನೆರಡರಿಂದ ಊಟ, ಮೂರಕ್ಕೆ ಖಾಲಿ. ನಾಲ್ಕೂವರೆಗೆ ಮತ್ತೆ ಕಾಫಿ, ರಾತ್ರಿ ಹತ್ತರವರೆಗೆ. ನಡುವಿನ ತಾಸುಗಳನ್ನು ಮಾಲೀಕರು ಬಿಡುವು ಅಂತ ಬರೆದುಕೊಳ್ಳುತ್ತಾರೆ. ಆ ಹೊತ್ತಲ್ಲಿ ಹುಡುಗ ನೀರು ತುಂಬುತ್ತಾನೆ, ಈರುಳ್ಳಿ ಸಿಪ್ಪೆ ಬಿಡಿಸುತ್ತಾನೆ, ಟೇಬಲ್ ಒರೆಸುತ್ತಾನೆ. ರೂಮು ದೂರ ಇದ್ದರೆ ಹೋಗಿ ಬರಲೂ ಆಗುವುದಿಲ್ಲ. ರಾತ್ರಿ ಒಂಬತ್ತೂವರೆಗೆ ನಿಮ್ಮ ಟೇಬಲಿಗೆ ಬಂದು "ಏನ್ ಕೊಡ್ಲಿ ಸಾರ್" ಅನ್ನುವವನ ಮುಖದಲ್ಲಿ ನಗು ಇಲ್ಲದಿದ್ದರೆ ಅವನು ಎಷ್ಟು ಹೊತ್ತಿಗೆ ಎದ್ದಿದ್ದ ಅಂತ ಒಮ್ಮೆ ಯೋಚಿಸಿ.

1974ರಲ್ಲಿ ಜಾರಿಯಾದ ಭೂಸುಧಾರಣೆ ಕರಾವಳಿಯನ್ನು ಬುಡಮೇಲು ಮಾಡಿತು. ಜಮೀನು ಕಳೆದುಕೊಂಡ ಮನೆಗಳಿಂದ ಇನ್ನಷ್ಟು ಜನ ಪೇಟೆಗೆ ಬಂದು ಹೋಟೆಲ್ ಇಟ್ಟರು. ಜಮೀನು ಸಿಕ್ಕ ಗೇಣಿದಾರರ ಮಕ್ಕಳು ಶಾಲೆಗೆ ಹೋದರು. ಮಾಲೀಕರು ಹೆಚ್ಚಾದರು, ಊರಿಂದ ಬರುವ ಹುಡುಗರು ನಿಧಾನವಾಗಿ ಕಡಿಮೆಯಾದರು. 2006ರ ಅಕ್ಟೋಬರ್ 10ರಿಂದ ಹೋಟೆಲ್, ಧಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದಕ್ಕೆ ನಿಷೇಧ ಬಂತು. ಇದು ಬಹಳ ಮೊದಲೇ ಆಗಬೇಕಿತ್ತು. ಟೇಬಲ್ ಒರೆಸುತ್ತಿದ್ದ ಆ ಪುಟ್ಟ ಕೈಗಳನ್ನು ನೋಡಿಯೂ ನೋಡದಂತೆ ತಿಂಡಿ ತಿಂದವರು ನಾವೆಲ್ಲ.

ಇದಕ್ಕೂ ಮೊದಲೇ ಬೆಂಗಳೂರು ಇನ್ನೊಂದು ಉಪಾಯ ಕಂಡುಕೊಂಡಿತ್ತು: ಸಪ್ಲೈಯರನ್ನೇ ತೆಗೆದುಬಿಡುವುದು. 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿಯಿಂದ ಹಬ್ಬಿದ ಪದ್ಧತಿ ಅದು. ಕೂಪನ್ ತಗೊಳ್ಳಿ, ಕೌಂಟರಿನಲ್ಲಿ ಕೊಡಿ, ನಿಂತು ತಿನ್ನಿ, ಹೊರಡಿ. ದರ ಕಡಿಮೆ, ಶುಚಿ ಜಾಸ್ತಿ, ಎಲ್ಲ ಜಾತಿಯವರೂ ಒಂದೇ ಕಟ್ಟೆಯ ಮುಂದೆ. ಅದರ ಒಳ್ಳೆಯದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜಗಳ ಹೋಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ. ಈಗ ಚಟ್ನಿ ಹಾಕುವವನ ಮೇಲೆ ರೇಗಾಟ. ತಟ್ಟೆ ಎತ್ತುವ, ಕಟ್ಟೆ ಒರೆಸುವ ಹೆಂಗಸಿನ ಕಡೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅವರ ಕೈ ಇನ್ನೂ ಅಲ್ಲಿರುವಾಗಲೇ ಎಂಜಲು ತಟ್ಟೆ ತಳ್ಳಿ ಹೋಗುತ್ತಾರೆ.

ಕೂತು ತಿನ್ನುವ ಹೋಟೆಲುಗಳಲ್ಲಿ ಇವತ್ತು ಬಡಿಸುವವರು ಬಹುಪಾಲು ಹೊರ ರಾಜ್ಯದವರು. ಅಸ್ಸಾಂ, ಒಡಿಶಾ, ಬಿಹಾರ, ಬಂಗಾಳ, ನೇಪಾಳದಿಂದಲೂ ಬಂದವರಿದ್ದಾರೆ. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗುತ್ತದೆ ಅನ್ನುವ ವದಂತಿಗೆ ಹೆದರಿ ಈಶಾನ್ಯದವರು ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದಾಗ ಎಷ್ಟೋ ಹೋಟೆಲುಗಳಿಗೆ ತಾವು ಯಾರ ಮೇಲೆ ನಿಂತಿದ್ದೇವೆ ಅನ್ನುವುದು ಗೊತ್ತಾಯಿತು. 2020ರ ಲಾಕ್‌ಡೌನ್‌ನಲ್ಲಿ ಮತ್ತೊಮ್ಮೆ.

ಹೊಸ ಗಲಾಟೆಗಳ ಬೇರು ಇಲ್ಲಿದೆ: ಗಿರಾಕಿಯ ಮಾತು ಬಡಿಸುವವನಿಗೆ ತಿಳಿಯುವುದಿಲ್ಲ. ನಾನು ಆಗಾಗ ಹೋಗುವ ಒಂದು ಹೋಟೆಲಿನಲ್ಲಿ, ಭಾನುವಾರ ಬೆಳಿಗ್ಗೆ, ಜನ ಕುರ್ಚಿ ಹಿಂದೆಯೇ ನಿಂತು ಕಾಯುತ್ತಿದ್ದರು. ಗಿರಾಕಿಯೊಬ್ಬರು "ಸಾಂಬಾರ್ ಬೇರೆ ಕೊಡು" ಅಂದರು. ಹುಡುಗ ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿ ತಂದ. 'ಬೇರೆ' ಅವನ ಕಿವಿಗೆ ಬಿದ್ದಿರಲಿಲ್ಲ, ಬಿದ್ದರೂ ತಿಳಿದಿರಲಿಲ್ಲ. ಅವರು ಬಟ್ಟಲನ್ನು ತಳ್ಳಿದ ರಭಸಕ್ಕೆ ಬಿಸಿ ಸಾಂಬಾರ್ ಅವನ ಮಣಿಕಟ್ಟಿನ ಮೇಲೆ ಚೆಲ್ಲಿತು. ಅವನು ಕೈ ಒರೆಸಿಕೊಳ್ಳುವ ಮೊದಲು ಟೇಬಲ್ ಒರೆಸಿದ. ಗಲ್ಲಾದಿಂದ ಕೂಗು ಬಂದದ್ದು ಅವನ ಮೇಲೆಯೇ. ಪಕ್ಕದ ಟೇಬಲಿನ ವಯಸ್ಸಾದ ಸಪ್ಲೈಯರ್ ಒಬ್ಬರು ಬಂದರು. "ನೀನು ಒಳಗೆ ಹೋಗಿ ಕೈಗೆ ನೀರು ಹಾಕ್ಕೋ" ಅಂತ ಅವನನ್ನು ಕಳಿಸಿ, ಆ ಟೇಬಲನ್ನು ತಾವೇ ನೋಡಿಕೊಂಡರು. ಗಿರಾಕಿಗೆ ಬೇರೆ ವಡೆ ಬಂತು, ಒಂದು ಮಾತೂ ಆಡದೆ. ಹಳೆಯ ಸಪ್ಲೈಯರ್‌ಗಳ ವಿದ್ಯೆ ಅದು. ಸಿಟ್ಟಾದ ಗಿರಾಕಿಯ ಎದುರಿಂದ ಮುಖ ಬದಲಿಸುವುದು, ಮೊದಲು ನೀರು ಇಡುವುದು, ತಪ್ಪು ಯಾರದು ಅನ್ನುವ ಮಾತಿಗೇ ಹೋಗದಿರುವುದು.

ಕನ್ನಡದಲ್ಲಿ ಮಾತಾಡಬೇಕು ಅನ್ನುವ ಬೇಡಿಕೆ ನ್ಯಾಯವಾದದ್ದೇ. ಆದರೆ ಅದನ್ನು ಕೇಳಬೇಕಾದದ್ದು ಗಲ್ಲಾದಲ್ಲಿ ಕೂತವರನ್ನು. ಕೆಲಸಕ್ಕೆ ಸೇರಿಸಿಕೊಂಡವರು ಹುಡುಗನಿಗೆ ನಾಲ್ಕು ಮಾತು ಕಲಿಸಲು ಸಮಯ ಕೊಡಬೇಕು. ಬಂದ ಮರುದಿನವೇ ಟೇಬಲಿಗೆ ಬಿಟ್ಟರೆ ಅವನೇನು ಮಾಡಿಯಾನು?

ದುಡ್ಡಿನ ವಿಷಯಕ್ಕೆ ಬರೋಣ. ಕನಿಷ್ಠ ವೇತನದ ಪಟ್ಟಿಯಲ್ಲಿ ಹೋಟೆಲ್ ಕೆಲಸ ಇದೆ. ಆದರೂ ಸಪ್ಲೈಯರ್ ಟಿಪ್ಸ್ ಲೆಕ್ಕ ಹಾಕಿಕೊಂಡೇ ಬದುಕುತ್ತಾನೆ. ಸೋಂಪಿನ ಬಟ್ಟಲಲ್ಲಿ ಉಳಿಯುತ್ತಿದ್ದ ಚಿಲ್ಲರೆ ಅವನ ಬಸ್ಸಿಗೆ, ಫೋನ್ ರೀಚಾರ್ಜಿಗೆ ಆಗುತ್ತಿತ್ತು. ಎಲ್ಲರೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ಬಿಲ್ ಕಟ್ಟಲು ಶುರು ಮಾಡಿದ ಮೇಲೆ ಆ ಚಿಲ್ಲರೆ ಹೋಯಿತು. ಕೈಯಿಂದ ಕೈಗೆ ಬರುತ್ತಿದ್ದ ದುಡ್ಡು ಈಗ ನೇರ ಮಾಲೀಕರ ಖಾತೆಗೆ.

ದೊಡ್ಡ ರೆಸ್ಟೋರೆಂಟುಗಳಲ್ಲಿ ಸರ್ವಿಸ್ ಚಾರ್ಜ್ ಅಂತ ಬಿಲ್ಲಿಗೇ ಸೇರಿಸುವ ಪದ್ಧತಿ ಇತ್ತು. ಅದು ಗಿರಾಕಿಯ ಇಷ್ಟಕ್ಕೆ ಬಿಟ್ಟದ್ದು ಅಂತ ಕೇಂದ್ರ ಸರ್ಕಾರ 2017ರಲ್ಲೇ ಹೇಳಿತ್ತು. 2022ರ ಜುಲೈನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ, ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಮಾರ್ಗಸೂಚಿ ತಂದಿತು. ಮಾಲೀಕರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಗಿರಾಕಿಯಾಗಿ ನೋಡಿದರೆ ತೀರ್ಪು ಸರಿ. ಕೆಲಸಗಾರರ ಸಂಬಳ ಕೊಡಬೇಕಾದದ್ದು ಮಾಲೀಕ, ಅದು ದೋಸೆಯ ದರದಲ್ಲೇ ಇರಬೇಕು. ಆದರೆ ಸರ್ವಿಸ್ ಚಾರ್ಜ್ ನಿಂತ ಕಡೆ ಆ ಪಾಲು ಸಂಬಳಕ್ಕೆ ಸೇರಿತೇ ಅಂತ ಕೇಳಿದವರು ಕಡಿಮೆ. ಮಾಲೀಕ ಮತ್ತು ಗಿರಾಕಿ ಜಗಳವಾಡಿದ್ದು ಸಪ್ಲೈಯರ್ ಹೆಸರಿನ ದುಡ್ಡಿಗೆ. ಸಪ್ಲೈಯರನ್ನು ಮಾತ್ರ ಯಾರೂ ಕೇಳಲಿಲ್ಲ.

ಹಲ್ಲೆ, ಬೈಗುಳದ ವಿಷಯದಲ್ಲೂ ಇದೇ ಕತೆ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆ ಇದೆ. ರಾತ್ರಿ ಹನ್ನೊಂದಕ್ಕೆ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಕುಡಿದವರ ನಡುವೆ ಓಡಾಡುವವನಿಗೆ ಎಲ್ಲರಿಗೂ ಇರುವ ಪೊಲೀಸ್ ದೂರು ಬಿಟ್ಟರೆ ಬೇರೇನಿಲ್ಲ. ದೂರು ಕೊಡಲು ಹೋದರೆ ಅವತ್ತಿನ ಕೂಲಿ ಹೋಗುತ್ತದೆ, ಮಾಲೀಕರಿಗೆ 'ಹೋಟೆಲ್ ಹೆಸರು' ಹಾಳಾಗುವ ಚಿಂತೆ. ಈಗಂತೂ ಗಿರಾಕಿ ಕೈ ಎತ್ತಬೇಕಾಗಿಲ್ಲ. ಫೋನ್ ತೆಗೆದು ಒಂದು ಸ್ಟಾರ್ ಕೊಟ್ಟು ಸಪ್ಲೈಯರ್ ಹೆಸರು ಬರೆದರೆ ಸಾಕು.

ಒಂದೇ ಒಂದು ಕಡೆ ಕಾನೂನು ಸರಿಯಾದ ಜಾಗಕ್ಕೆ ಕೈ ಹಾಕಿದೆ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸುರಕ್ಷಿತ ಜಾಗ ಒದಗಿಸುವುದು ಮಾಲೀಕರ ಕರ್ತವ್ಯ ಅನ್ನುತ್ತದೆ. ಅಲ್ಲಿಗೆ ಬಂದು ಹೋಗುವ ಹೊರಗಿನವರಿಂದಲೂ ರಕ್ಷಣೆ ಕೊಡಬೇಕು ಅಂತ ಸ್ಪಷ್ಟವಾಗಿ ಸೇರಿಸಿದೆ. ಅಂದರೆ ಗಿರಾಕಿ ಕೆಟ್ಟದಾಗಿ ನಡೆದುಕೊಂಡರೆ "ನಾನೇನು ಮಾಡಲಿ, ಅವರು ಗಿರಾಕಿ" ಅಂತ ಮಾಲೀಕರು ಜಾರಿಕೊಳ್ಳುವಂತಿಲ್ಲ. ಹತ್ತು ಜನ ಕೆಲಸಕ್ಕಿದ್ದರೆ ಹೋಟೆಲಿನಲ್ಲೇ ದೂರು ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಟೇಬಲ್ ನೋಡಿಕೊಳ್ಳುವ ಹೆಣ್ಣುಮಕ್ಕಳು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಇದನ್ನು ಗಲ್ಲಾ ಹಿಂದಿನ ಗೋಡೆಗೆ, ಕೆಲಸಗಾರರ ಭಾಷೆಯಲ್ಲೇ ಬರೆದು ಹಾಕಬೇಕು.

ಇದೇ ಮಾತನ್ನು ಹೋಟೆಲಿನ ಪ್ರತಿಯೊಬ್ಬ ಕೆಲಸಗಾರನಿಗೂ ವಿಸ್ತರಿಸಬಾರದೇಕೆ? ಗಿರಾಕಿಯ ಹೊಡೆತ, ಬೈಗುಳದಿಂದ ಕೆಲಸಗಾರರನ್ನು ಕಾಪಾಡುವುದು ಮಾಲೀಕರ ಹೊಣೆ ಅಂತ ಲೈಸೆನ್ಸಿನ ಷರತ್ತಿನಲ್ಲೇ ಬರೆಯಬಹುದು. ಬಿಲ್ ಕೊಡದೆ ಓಡಿದವನ ದುಡ್ಡನ್ನು ಸಪ್ಲೈಯರ್ ಸಂಬಳದಿಂದ ಮುರಿಯುವುದನ್ನು ನಿಲ್ಲಿಸಬಹುದು. ರೇಗಿದ ಟೇಬಲಿನಿಂದ ಹಿಂದೆ ಸರಿಯುವ ಹಕ್ಕು ಹುಡುಗನಿಗಿರಲಿ, ಆ ಟೇಬಲಿಗೆ ಮ್ಯಾನೇಜರ್ ಹೋಗಲಿ. ಇವ್ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಗಲ್ಲಾ ಬಿಟ್ಟು ಟೇಬಲಿನವರೆಗೆ ಎದ್ದು ಬರಬೇಕು, ಅಷ್ಟೇ.