ಕಡುಗುಲಾಬಿ ಗೆರೆ ಒಳಗೆ ಚದುರಿದಾಗ

ಬೇಸಿಗೆಯಲ್ಲಿ ವಾಂತಿಭೇದಿಯಾಗಿ ದಾವಣಗೆರೆಯ ಆಸ್ಪತ್ರೆಗಳಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಓಆರ್‌ಎಸ್ ಕುಡಿದು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವು ವರ್ಷಗಳ ಹಿಂದೆ ನನ್ನ ಪ್ರಯೋಗಾಲಯಕ್ಕೆ ಬಂದ ಒಂದು ಕರುಳಿನ ಬಯಾಪ್ಸಿ (ಪರೀಕ್ಷೆಗೆಂದು ತೆಗೆದ ಚೂರು), ಜಗಳೂರು ಕಡೆಯ ಇಪ್ಪತ್ತು ದಿನದ ಹಸುಗೂಸಿನದು. ತಾಯಿ ತನ್ನ ಸೋದರಮಾವನನ್ನೇ ಮದುವೆಯಾಗಿದ್ದಳು. ಹುಟ್ಟಿದ ಮೂರನೆಯ ದಿನ ಶುರುವಾದ ನೀರುಭೇದಿ, ಎದೆಹಾಲು ನಿಲ್ಲಿಸಿ ಡ್ರಿಪ್ ಹಾಕಿದ ಮೇಲೂ ನಿಂತಿರಲಿಲ್ಲ. ಹಾಲು ಅರಗದೆ ಆಗುವ ಭೇದಿಯಾಗಿದ್ದರೆ ಹಾಲು ನಿಲ್ಲಿಸಿದಾಗ ತಗ್ಗಬೇಕು. ಉಪವಾಸದಲ್ಲೂ ನಿಲ್ಲದಿದ್ದರೆ ದೋಷ ಕರುಳಿನ ಕೋಶದೊಳಗೇ ಇರಬಹುದೆಂದು ಅನುಮಾನಿಸಬೇಕು.

ಸಣ್ಣ ಕರುಳಿನ ಒಳಗೋಡೆಗೆ ಒಂದೇ ಸಾಲಿನ ಎಪಿಥೀಲಿಯಲ್ ಕೋಶಗಳ ಹೊದಿಕೆಯಿದೆ. ಪ್ರತಿ ಕೋಶದ ಮೇಲ್ಮುಖ ಆಹಾರ ಹರಿಯುವ ಕಡೆಗೂ ಕೆಳಮುಖ ರಕ್ತನಾಳಗಳ ಕಡೆಗೂ ಇರುತ್ತದೆ. ಎರಡೂ ಮುಖಗಳ ಪ್ರೋಟೀನುಗಳು ಬೇರೆ ಬೇರೆ. ಈ ಭೇದವನ್ನೇ ಧ್ರುವೀಯತೆ ಎನ್ನುತ್ತೇವೆ. ಓಆರ್‌ಎಸ್ ಕೆಲಸ ಮಾಡುವುದು ಇದರಿಂದಲೇ. ಮೇಲ್ಮುಖದಲ್ಲಿರುವ ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನು ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೆಳೆದುಕೊಳ್ಳುತ್ತದೆ, ಕೆಳಮುಖದ ಪಂಪು ಆ ಸೋಡಿಯಂ ಅನ್ನು ರಕ್ತದ ಕಡೆಗೆ ದಾಟಿಸುತ್ತದೆ, ನೀರು ಅದರ ಹಿಂದೆಯೇ ಸಾಗುತ್ತದೆ. ಎರಡೂ ಒಂದೇ ಮುಖದಲ್ಲಿದ್ದರೆ ಒಳಗೆ ಬಂದ ಸೋಡಿಯಂ ಬಂದ ದಾರಿಯಲ್ಲೇ ಮರಳುತ್ತಿತ್ತು.

ಹಾಗಾದರೆ ಯಾವ ಪ್ರೋಟೀನು ಯಾವ ಮುಖಕ್ಕೆ ಹೋಗಬೇಕೆಂಬುದು ಹೇಗೆ ತೀರ್ಮಾನವಾಗುತ್ತದೆ? ಕೋಶದೊಳಗೆ ತಯಾರಾದ ಪ್ರೋಟೀನುಗಳು ಗಾಲ್ಗಿ ಎಂಬ ಕೋಶಾಂಗದಲ್ಲಿ ವಿಂಗಡಣೆಯಾಗಿ, ಪೊರೆಯ ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ಹೊರಡುತ್ತವೆ. ಮೇಲಕ್ಕೆ ಹೋಗುವ ಚೀಲಗಳಲ್ಲಿ ಹಲವಕ್ಕೆ ರ‍್ಯಾಬ್11 ಎಂಬ ಗುರುತು ಅಂಟಿರುತ್ತದೆ. ಮಯೋಸಿನ್ 5ಬಿ ಎಂಬ ಮೋಟಾರ್ ಪ್ರೋಟೀನು ಆ ಗುರುತನ್ನು ಹಿಡಿದು, ಕೋಶದೊಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ ಹೆಜ್ಜೆಯಿಡುತ್ತ ಚೀಲವನ್ನು ಮೇಲ್ಮುಖಕ್ಕೆ ಒಯ್ಯುತ್ತದೆ. ಒಮ್ಮೆ ತಲುಪಿದರೆ ಮುಗಿಯಿತೆಂದಲ್ಲ, ಪೊರೆಯ ಭಾಗಗಳು ಒಳಗೆ ಬಂದು ಮತ್ತೆ ಮೇಲೇರುತ್ತಲೇ ಇರುತ್ತವೆ.

ಆರೋಗ್ಯವಂತ ಕರುಳಿಗೆ ಪಿಎಎಸ್ ಎಂಬ, ಸಕ್ಕರೆಯಂಶವಿರುವ ಭಾಗಗಳನ್ನು ಎತ್ತಿ ತೋರಿಸುವ ಬಣ್ಣ ಹಾಕಿದಾಗ ಕೋಶಗಳ ನೆತ್ತಿಯುದ್ದಕ್ಕೂ, ಪೆನ್ಸಿಲ್‌ನಲ್ಲಿ ಎಳೆದಂತೆ, ಕಡುಗುಲಾಬಿ ಗೆರೆಯೊಂದು ಕಾಣುತ್ತದೆ. ಸುಮಾರು ಒಂದು ಮೈಕ್ರಾನ್ ಎತ್ತರದ, ಕೋಶವೊಂದಕ್ಕೆ ಸಾವಿರಾರಿರುವ ಮೈಕ್ರೋವಿಲ್ಲೈ ಎಂಬ ಸೂಕ್ಷ್ಮ ಎಳೆಗಳ ದಟ್ಟ ಸಾಲು ಅದು. ಈ ಮಗುವಿನ ಸ್ಲೈಡಿನಲ್ಲಿ ಗೆರೆ ಹಲವೆಡೆ ಅಳಿಸಿಹೋಗಿತ್ತು. ಅದರ ಬಣ್ಣ ನೆತ್ತಿಯ ಕೆಳಗೆ, ಕೋಶದೊಳಗೆ, ಪುಡಿಪುಡಿಯಾಗಿ ಚದುರಿತ್ತು. ಮಾಮೂಲಿ ಬಣ್ಣದಲ್ಲಿ ನಾನು ಕಂಡಿದ್ದು ಮೊಟಕಾದ ವಿಲ್ಲೈಗಳನ್ನು, ಅಂದರೆ ಕರುಳಿನ ಒಳಗೋಡೆಯ ಬೆರಳಿನಂಥ ಚಾಚುಗಳನ್ನು, ಮಾತ್ರ. ಅಷ್ಟಕ್ಕೇ ವರದಿ ಬರೆದಿದ್ದರೆ ತಪ್ಪಾಗುತ್ತಿತ್ತು. ಇಂಥ ಶಿಶುವಿನ ಬಯಾಪ್ಸಿಗೆ ಪಿಎಎಸ್ ಮಾಡದೆ ವರದಿ ಕೊಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಎಳೆಗಳು ಕೋಶದೊಳಗಿನ ಗುಳ್ಳೆಗಳಲ್ಲಿ ಸಿಕ್ಕಿಕೊಂಡಿದ್ದುದು ಖಚಿತವಾಯಿತು.

1978ರಲ್ಲಿ ಮೊದಲು ವರ್ಣಿತವಾದ ಈ ಕಾಯಿಲೆಯ ಹೆಸರು ಮೈಕ್ರೋವಿಲ್ಲಸ್ ಇನ್‌ಕ್ಲೂಷನ್ ಡಿಸೀಸ್. ಬಹುಪಾಲು ರೋಗಿಗಳಲ್ಲಿ ದೋಷವಿರುವುದು ಮಯೋಸಿನ್ 5ಬಿಯ ಜೀನಿನಲ್ಲೆಂದು 2008ರಲ್ಲಿ ತಿಳಿಯಿತು. ಎಸ್‌ಜಿಎಲ್‌ಟಿ1 ಮೇಲ್ಮುಖವನ್ನು ಸರಿಯಾಗಿ ತಲುಪದಿರುವುದರಿಂದ ಓಆರ್‌ಎಸ್ ಕೂಡ ಕೈಹಿಡಿಯುವುದಿಲ್ಲ. ರಕ್ತನಾಳದ ಮೂಲಕವೇ ಪೋಷಣೆ ಕೊಡಬೇಕು, ಕೆಲವರಿಗೆ ಕರುಳಿನ ಕಸಿ ಬೇಕಾಗುತ್ತದೆ.

ವರದಿ ಒಯ್ಯಲು ಬಂದ ತಾಯಿ ಕೇಳಿದ್ದು ಒಂದೇ: “ನನ್ನ ಹಾಲೇ ಮಗೀಗೆ ಆಗಿಬರ್ಲಿಲ್ಲೇನ್ರೀ ಡಾಕ್ಟ್ರೇ?” ಮನೆಯಲ್ಲಿ ಹಿರಿಯರು ಹಾಗೆಂದಿದ್ದರಂತೆ. ಹಾಲಿನ ತಪ್ಪಲ್ಲವಮ್ಮ ಎಂದು ಅವರೆಲ್ಲರ ಎದುರಿಗೇ ಹೇಳಿದೆ. ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬಂದಿದೆಯೆಂದೂ, ಮುಂದಿನ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಇದೇ ಸಂಭವವಿದೆಯೆಂದೂ ವಿವರಿಸಿ, ಜೀನ್ ಪರೀಕ್ಷೆಗೆ ಬರೆದುಕೊಟ್ಟೆ.