ಪೂಲಿಂಗ್ ಹೋದದ್ದು ಹೇಗೆ: ಕಾಫಿ ಮತ್ತು ಅರ್ಥಶಾಸ್ತ್ರಜ್ಞರು

ಕಾಫಿ ರೇಟು ಬಿದ್ದಾಗಲೆಲ್ಲ ಕೊಡಗಿನಲ್ಲಿ ಒಂದು ವಾದ ಎದ್ದೇ ಏಳುತ್ತದೆ. ಪೂಲಿಂಗ್, ಅಂದರೆ ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟುಮಾಡಿ ಸರ್ಕಾರದ ಕಾಫಿ ಬೋರ್ಡೇ ಮಾರುತ್ತಿದ್ದ ಪದ್ಧತಿ, ಇದ್ದಾಗಲೇ ಚೆನ್ನಾಗಿತ್ತು ಅಂತ ಕೆಲವರು, ಹೋದದ್ದೇ ಒಳ್ಳೇದಾಯ್ತು ಅಂತ ಇನ್ನು ಕೆಲವರು. ಸರ್ಕಾರಗಳು ಅರ್ಥಶಾಸ್ತ್ರಜ್ಞರ ಮಾತು ಕೇಳಿ ನಡೆದ ದೊಡ್ಡ ಕಥೆಯ ಒಂದು ತುಂಡು ಇದು.

ಅಮೆರಿಕದಲ್ಲಿ 1946ರಲ್ಲೇ ಅಧ್ಯಕ್ಷರಿಗೆ ಮೂವರ ಆರ್ಥಿಕ ಸಲಹಾ ಮಂಡಳಿ ಬಂತು. ಚಿಲಿಯಲ್ಲಿ 1973ರ ನಂತರ ಮಿಲಿಟರಿ ಆಡಳಿತ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ ಬಂದವರ ಕೈಗೆ ಆರ್ಥಿಕತೆಯನ್ನೇ ಕೊಟ್ಟಿತು, ಬೇಡ ಅನ್ನೋಕೆ ಜನರಿಗೆ ದಾರಿಯೇ ಇರಲಿಲ್ಲ. ನಮ್ಮಲ್ಲಿ 1950ರಲ್ಲಿ ಯೋಜನಾ ಆಯೋಗ ಬಂತು. 1991ರಲ್ಲಿ ಅರ್ಥಶಾಸ್ತ್ರಜ್ಞ ಮನಮೋಹನ್ ಸಿಂಗ್ ಹಣಕಾಸು ಮಂತ್ರಿಯಾದರು.

ಪೂಲಿಂಗ್ ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ. ಯುರೋಪಿನ ಮಾರುಕಟ್ಟೆ ಮುಚ್ಚಿ ಬೆಳೆಗಾರ ಕಂಗಾಲಾಗಿದ್ದ. 1942ರ ಕಾಯ್ದೆಯಡಿ, ಮನೆ ಖರ್ಚಿಗೆ ಮತ್ತು ಬೀಜಕ್ಕೆ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕಿತ್ತು. ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ್ದು) ಆಗಲಿ ಚೆರಿ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) ಆಗಲಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಂಸ್ಕರಿಸಿ ಗ್ರೇಡ್ ಮಾಡಿ, ಅದಕ್ಕೆ ತಕ್ಕ ಪಾಯಿಂಟ್ ಕೊಡುತ್ತಿದ್ದರು. ಆ ಪಾಯಿಂಟಿನ ಲೆಕ್ಕದಲ್ಲಿ ಮೊದಲು ಒಂದಿಷ್ಟು ದುಡ್ಡು, ಉಳಿದದ್ದು ಬೋರ್ಡ್ ಮಾರಿದ ಹಾಗೆ ಕಂತಿನಲ್ಲಿ. ಆ ಕಂತಿಗೆ ಕಾಯುತ್ತಾ ಕೂಲಿ, ಗೊಬ್ಬರಕ್ಕೆ ಸಾಲ ಮಾಡೋದು ಸಣ್ಣ ಬೆಳೆಗಾರನಿಗೆ ಸುಲಭವಲ್ಲ. ಆದರೆ ರೇಟಿನ ಏರಿಳಿತ ನೇರವಾಗಿ ಅವನ ತಲೆ ಮೇಲೆ ಬೀಳುತ್ತಿರಲಿಲ್ಲ.

ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಅಂತ ಗೊತ್ತುಮಾಡುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ 1989ರಲ್ಲಿ ಮುರಿದುಬಿತ್ತು. ಸ್ವಲ್ಪ ಸಮಯದಲ್ಲೇ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೂ ಒಡೆಯಿತು. ಉದಾರೀಕರಣದ ಕಾಲ, ಬೆಳೆಗಾರರಲ್ಲೂ ಅನೇಕರು ಪೂಲ್‌ನಿಂದ ಬಿಡುಗಡೆ ಕೇಳುತ್ತಿದ್ದರು. 1992ರಿಂದ ಬೆಳೆಗಾರ ತಾನೇ ಮಾರಿಕೊಳ್ಳಲು ಹಂತ ಹಂತವಾಗಿ ಬಿಟ್ಟು, 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಯಿತು. ಅದರ ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ (ಫ್ರಾಸ್ಟ್) ಕಾಫಿ ಬೆಳೆ ಹಾಳಾಗಿ ರೇಟು ಜಿಗಿದಿತ್ತು, ಎಲ್ಲರಿಗೂ ದಾರಿ ಸರಿಯಾಗಿದೆ ಅನ್ನಿಸಿತು. 2001ರ ಹೊತ್ತಿಗೆ ವಿಯೆಟ್ನಾಂ ಕಾಫಿ ಜಗತ್ತನ್ನೇ ತುಂಬಿತ್ತು, ರೇಟು ಪಾತಾಳಕ್ಕಿಳಿಯಿತು. ತಡೆಯೋಕೆ ಪೂಲ್ ಇರಲಿಲ್ಲ, ಅದರ ಜಾಗಕ್ಕೆ ಬೇರೇನೂ ಬಂದಿರಲಿಲ್ಲ.

ಬಿಡುಗಡೆ ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಿದ್ದಾಗ ಹಿಡಿಯೋ ವ್ಯವಸ್ಥೆಯನ್ನೂ ಜೊತೆಗೇ ಯೋಚಿಸಬೇಕಿತ್ತು ಅಲ್ವಾ? ಜರ್ಮನಿಯಲ್ಲಿ 1963ರಿಂದ ಐವರು ಆರ್ಥಿಕ ತಜ್ಞರ ಸ್ವತಂತ್ರ ಮಂಡಳಿ ಇದೆ. ಅವರು ಪ್ರತಿವರ್ಷ ವರದಿ ಕೊಡುತ್ತಾರೆ, ಅದು ಬಹಿರಂಗ, ಸರ್ಕಾರ ಅದಕ್ಕೆ ಉತ್ತರ ಕೊಡಲೇಬೇಕು. ಕಾಫಿ ನೀತಿ ಬದಲಿಸುವ ಮುಂಚೆಯೂ ತಜ್ಞರ ಸಲಹೆ ಹೀಗೇ ಎಲ್ಲರಿಗೂ ಸಿಗಲಿ, ಕನ್ನಡದಲ್ಲಿ, ಸೋಮವಾರಪೇಟೆಯ ಎರಡೆಕರೆ ಬೆಳೆಗಾರನೂ ಓದಿ ಆಕ್ಷೇಪಣೆ ಹಾಕುವಷ್ಟು ಸಮಯ ಇಟ್ಟು.